ಶಿರೂರಿನ ಎಲ್ಲೆಯೂ ಚಹದ ಸುಂಕ-ಶುದ್ಧಿಗಳೂ

ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಉತ್ತರದ ತುದಿಯಲ್ಲಿ ಶಿರೂರು ಇದೆ. ಅದನ್ನು ದಾಟಿದರೆ ಉತ್ತರ ಕನ್ನಡದ ಭಟ್ಕಳ ತಾಲ್ಲೂಕು. 1860ರಲ್ಲಿ ಕೆನರಾ ಜಿಲ್ಲೆ ಇಬ್ಭಾಗವಾಗಿ, 1862ರಲ್ಲಿ ಅದರ ಉತ್ತರ ಭಾಗವು ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ 1956ರ ನವೆಂಬರ್ 1ರವರೆಗೆ ಶಿರೂರಿನ ಎಲ್ಲೆಯು ಎರಡು ಸರಕಾರಗಳ ಎಲ್ಲೆಯಾಗಿತ್ತು. ಇಂಥ ಎಲ್ಲೆಯನ್ನು ಕಂಡೊಡನೆ ಸುಂಕದ ಕಟ್ಟೆಯೊಂದನ್ನು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಚಹದಂಥ ನಿತ್ಯದ ಪದಾರ್ಥವೊಂದನ್ನು ಹಿಡಿದು ಪರಿಶೀಲಿಸಿದರೆ, ಈ ಎಲ್ಲೆಯು ಸುಂಕದ್ದಾಗಿರದೆ ಶುದ್ಧಿಯದಾಗಿತ್ತೆಂದು ನಮಗೆ ತೋರುತ್ತದೆ.

ಒಳನಾಡಿನ ಸಾಗಾಟದ ಸುಂಕವನ್ನು ಮುಂಬಯಿಯಲ್ಲಿ 1838ರಲ್ಲಿಯೂ ಮದರಾಸಿನಲ್ಲಿ 1844ರಲ್ಲಿಯೂ ರದ್ದುಗೊಳಿಸಲಾಗಿತ್ತು. ಎಲ್ಲೆ ಬೀಳುವ ಹೊತ್ತಿಗೆ ಅಲ್ಲಿ ವಸೂಲು ಮಾಡಲು ಆ ಸುಂಕವೇ ಇರಲಿಲ್ಲ. ವಿದೇಶದ ಸರಕಿನ ಸುಂಕವು ಬಂದರಿಗೆ ಸೇರಿದ ವಿಷಯ. ಅದಕ್ಕೆ 1878ರ ಕಡಲ ಸುಂಕದ ಕಾಯಿದೆ ಎರಡು ಪ್ರಾಂತ್ಯಗಳಿಗೂ ಒಂದೇ ಆಗಿತ್ತು.

ಈ ಕರಾವಳಿಯಲ್ಲಿ ಅತಿಥಿಗೆ ಮೊದಲು ಕೊಡುತ್ತಿದ್ದುದು ಬೆಲ್ಲ-ನೀರು. ಚಹ ಹಿಂದಿನಿಂದ ಬಂದುದು. ಚೀನೀ ಮೂಲದ 'ಚಾ' ಎಂಬ ಶಬ್ದವಾದರೋ ಯಾವ ಸುಂಕವನ್ನೂ ತೆರದೆ ಕುಂದಾಪುರದ ಆಡುಮಾತನ್ನು ಪ್ರವೇಶಿಸಿತು!

ಚಹದ ಶುದ್ಧಿಯನ್ನು ಬಂದರಿನಲ್ಲಿಯೇ ಪರೀಕ್ಷಿಸಬೇಕೆಂಬ ವಿಚಾರ ಬ್ರಿಟನ್ನಿಗೆ ಹೊಸತಾಗಿರಲಿಲ್ಲ. ಅಲ್ಲಿಯ 1875ರ ಆಹಾರ ಮತ್ತು ಔಷಧಿಗಳ ಮಾರಾಟದ ಕಾಯಿದೆಯು ಆಮದಾದ ಚಹವನ್ನು ಪರೀಕ್ಷಿಸುವ ಹೊಣೆಯನ್ನು ಸುಂಕದ ಅಧಿಕಾರಿಗಳ ಮೇಲೆ ಹೊರಿಸಿತ್ತು. ಕುದಿಸಿ ಬಿಟ್ಟ ಎಲೆಯನ್ನು ಮತ್ತೆ ಒಣಗಿಸಿ ಬಣ್ಣ ಕಟ್ಟುವ ವಂಚನೆ ಆ ಕಾಲಕ್ಕೆ ಪ್ರಸಿದ್ಧವಾಗಿತ್ತು. ಭಾರತದಲ್ಲಾದರೋ ಕಲಬೆರಕೆಯ ನಿಷೇಧವು ಪ್ರಾಂತ್ಯಗಳ ಪಾಲಿಗೆ ಬಂದಿತು. ಮದರಾಸು 1918ರಲ್ಲಿಯೂ ಮುಂಬಯಿ 1925ರಲ್ಲಿಯೂ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿಕೊಂಡವು. ಶಿರೂರಿನ ಅಂಗಡಿಯ ಚಹಕ್ಕೆ ಒಂದು ಕಾಯಿದೆ, ಕೂಗಳತೆಯ ದೂರದಲ್ಲಿರುವ ಆಚೆಯ ಅಂಗಡಿಯ ಚಹಕ್ಕೆ ಇನ್ನೊಂದು! ಭಾಷೆ ಒಂದೇ, ಸಂತೆಯ ಜನ ಒಂದೇ. ಆದರೆ ಒಂದು ಕಡೆಯ ಅಧಿಕಾರಿಯ ಕೈ ಇನ್ನೊಂದು ಕಡೆಗೆ ಚಾಚಲಾರದು. ಹಣದ ಸಲುವಾಗಿ ಬೇಡವೆನಿಸಿದ ಎಲ್ಲೆಯು ಆರೋಗ್ಯದ ಸಲುವಾಗಿ ಉಳಿದುಕೊಂಡಿತು. ಬೊಕ್ಕಸದ ವಿಷಯದಲ್ಲಿ ಆಳುವವರು ತೋರಿದ ಏಕಸೂತ್ರತೆಯನ್ನು ಹೊಟ್ಟೆಯ ವಿಷಯದಲ್ಲಿ ತೋರಲಿಲ್ಲವೆನ್ನದೆ ವಿಧಿಯಿಲ್ಲ.

1950ರ ಸಂವಿಧಾನವು ಆಹಾರದ ಕಲಬೆರಕೆಯನ್ನು ಕೇಂದ್ರ-ರಾಜ್ಯಗಳೆರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿ ಇರಿಸಿತು. ಅದರ ಫಲವಾಗಿ ಬಂದ 1954ರ ಆಹಾರ ಕಲಬೆರಕೆ ನಿಷೇಧ ಕಾಯಿದೆ 1955ರ ಜೂನ್ 1ರಂದು ಜಾರಿಗೆ ಬಂದಿತು. ರಾಜ್ಯಗಳ ಎಲ್ಲೆ ಅಳಿಯುವುದಕ್ಕೆ 17 ತಿಂಗಳು ಮೊದಲೇ ಶಿರೂರಿನ ಶುದ್ಧಿಯ ಎಲ್ಲೆ ಅಳಿಯಿತೆಂಬುದು ಗಮನಾರ್ಹ. ಈ ಕಾಯಿದೆಯ 5ನೆಯ ಪ್ರಕರಣವು ಕಲಬೆರಕೆಯ ಆಹಾರದ ಆಮದನ್ನು ನಿಷೇಧಿಸಿತು. ಸಂಶಯವಿರುವ ಸರಕನ್ನು ತಡೆದಿರಿಸಿ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ವರದಿ ಮಾಡುವ ಅಧಿಕಾರವನ್ನು 6ನೆಯ ಪ್ರಕರಣವು ಸುಂಕದ ಅಧಿಕಾರಿಗೆ ಕೊಟ್ಟಿತು. ಬ್ರಿಟನ್ನಿನ ಕಾಯಿದೆಗೂ ಇದಕ್ಕೂ ನಡುವೆ ಸುಮಾರು 80 ವರ್ಷಗಳ ಅಂತರ.

ಮುಂದಿನ ಕಥೆ ಸಂಕ್ಷಿಪ್ತವಾದುದು. 1878ರ ಕಾಯಿದೆಯ ಸ್ಥಾನಕ್ಕೆ 1962ರ ಸುಂಕದ ಕಾಯಿದೆಯೂ, 1954ರದರ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯೂ ಬಂದವು. ಶ್ರೀಲಂಕಾದೊಡನೆ ಮಾಡಿಕೊಂಡು 2000ದಲ್ಲಿ ಜಾರಿಗೆ ಬಂದ ಒಪ್ಪಂದವು ವರ್ಷಕ್ಕೆ 1 ಕೋಟಿ 50 ಲಕ್ಷ ಕಿಲೋಗ್ರಾಂ ಚಹಕ್ಕೆ ಸುಂಕದ ರಿಯಾಯಿತಿ ಕೊಟ್ಟಿತು. ಆದರೆ ಮೊದಲಿಗೆ ಆ ಚಹ ಇಳಿಯಬೇಕಾಗಿದ್ದುದು ಕೊಚ್ಚಿ ಮತ್ತು ಕೋಲ್ಕತ್ತಾ ಬಂದರುಗಳಲ್ಲಿ ಮಾತ್ರ. ನದಿಯ ಅಳಿವೆಗೊಂದು ಬಂದರೆಂಬಂತಿದ್ದ ಈ ಕರಾವಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಪ್ರಯೋಗಾಲಯವಿಲ್ಲದೆಡೆ ಪರೀಕ್ಷೆ ಹೇಗೆಂಬ ಪ್ರಶ್ನೆಯನ್ನು ಎದುರಿಟ್ಟುಕೊಂಡರೆ ಬಾಗಿಲುಗಳು ಕಡಮೆಯಾದುದರ ಕಾರಣ ಸ್ಪಷ್ಟವಾಗುತ್ತದೆ. 2017ರ ಆಮದು ನಿಯಮಗಳ ಪ್ರಕಾರ ವ್ಯಾಪಾರಿಗೆ ಪರವಾನಗಿ ಬೇಕು. ದಾಖಲೆಗಳ ಪರಿಶೀಲನೆ, ಸರಕಿನ ತಪಾಸಣೆ, ಮಾದರಿಯ ಪರೀಕ್ಷೆ ಇವುಗಳನ್ನು ಕಳೆದ ಮೇಲೆಯೇ ನಿರಾಕ್ಷೇಪಣಾ ಪತ್ರ ದೊರೆಯುತ್ತದೆ. ಚಹದ ಒಟ್ಟು ಬೂದಿ ಶೇಕಡ 4ರಿಂದ 8ರೊಳಗಿರಬೇಕು, ಬಿಸಿನೀರಿಗೆ ಇಳಿಯುವ ಸಾರ ಶೇಕಡ 32ಕ್ಕಿಂತ ಕಡಮೆಯಿರಬಾರದು, ಹೊರಗಿನ ಬಣ್ಣ ಕೂಡದು. ಕುದಿಸಿ ಬಿಟ್ಟ ಎಲೆ ಸಿಕ್ಕಿಬೀಳುವುದು ಈ ಸಾರದ ಅಳತೆಯಲ್ಲಿಯೇ.

ಇಷ್ಟಾದರೂ ಕಡಲ ಬಾಗಿಲಿನ ಪರೀಕ್ಷೆಯು ಬಾಗಿಲೊಳಗೆ ನಡೆಯುವುದನ್ನು ತಡೆಯಲಾರದು. ಬಣ್ಣ ಹಚ್ಚಿದ ಕಡಲೆಸಿಪ್ಪೆಯಾಗಲಿ ಗೇರುಬೀಜದ ಒಳಸಿಪ್ಪೆಯಾಗಲಿ ಚಹಪುಡಿಗೆ ಬೆರೆಯುವುದು ಒಳನಾಡಿನಲ್ಲಿ, ಸುಂಕದ ಅಧಿಕಾರಿಯ ಕಣ್ಣಿಗೆ ಬೀಳದೆ. ಅದನ್ನು ಹಿಡಿಯಬೇಕಾದವರು ಇಂದಿಗೂ ಊರಿನ ಆಹಾರ ಸುರಕ್ಷತಾ ಅಧಿಕಾರಿಗಳೇ. ಶಿರೂರಿಗೆ ಒಬ್ಬರು, ಭಟ್ಕಳಕ್ಕೆ ಇನ್ನೊಬ್ಬರು, ಕಾಯಿದೆ ಮಾತ್ರ ಒಂದೇ.