ನೇರಳಾತೀತ ಹಾನಿ ಮತ್ತು ದುರಸ್ತಿ ಪ್ರೋಟೀನುಗಳು: ಸಂಶೋಧನೆಯ ಇತಿಹಾಸ

ನೇರಳಾತೀತ ಕಿರಣವು ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳನ್ನು ಬೆಸೆದುಬಿಡುತ್ತದೆ. ಆ ಬೆಸುಗೆಯನ್ನು ಗುರುತಿಸಿ, ಕತ್ತರಿಸಿ, ತೆರವಾದ ಜಾಗ ತುಂಬುವುದು ಹಲವು ಪ್ರೋಟೀನುಗಳು ಕೈಜೋಡಿಸಿ ಮಾಡುವ ಕೆಲಸ. ಬಿಸಿಲಿನ ಕಾವಿಗೂ ಈ ಹಾನಿಗೂ ನೇರ ನಂಟಿಲ್ಲ. ಇಂಡಿ, ಸಿಂದಗಿಯಂಥ ಬಿಸಿಲೂರುಗಳ ಹೊಲಗಳಲ್ಲಿ ಬೆವರಿಳಿಸುವುದು ಮುಖ್ಯವಾಗಿ ಗೋಚರ ಬೆಳಕು ಮತ್ತು ಅವಕೆಂಪು ಕಿರಣ. ಡಿಎನ್‌ಎಗೆ ಪೆಟ್ಟು ಕೊಡುವುದು ಅದೇ ಬಿಸಿಲಿನ ಯುವಿ-ಬಿ ಎಂಬ ನೇರಳಾತೀತ ಕಿರಣ. ಪ್ರಯೋಗಾಲಯದ ದೀಪಗಳು ಸಾಮಾನ್ಯವಾಗಿ ಸೂಸುವ 254 ನ್ಯಾನೋಮೀಟರಿನ ಯುವಿ-ಸಿ ಓಝೋನ್ ಪದರ ದಾಟಿ ನೆಲಕ್ಕೆ ಬರುವುದೇ ಇಲ್ಲ. ಜನಪ್ರಿಯ ಬರಹಗಳು ಯುವಿ-ಬಿ, ಯುವಿ-ಸಿ ಎರಡನ್ನೂ ಕಲಸಿಬಿಡುವುದುಂಟು.

ಬೆಳಕಿನಿಂದಲೇ ಹಾನಿ ಸರಿಹೋಗುವುದನ್ನು ಆಲ್ಬರ್ಟ್ ಕೆಲ್ನರ್ 1949ರಲ್ಲಿ ವರದಿ ಮಾಡಿದರು. ಕತ್ತರಿಸಿ ತೆಗೆಯುವ ದುರಸ್ತಿ ಬೆಳಕಿಗೆ ಬಂದದ್ದು 1964ರಲ್ಲಿ. ಬಿಸಿಲು ತಾಳದ ಚರ್ಮರೋಗವಾದ ಕ್ಸೀರೋಡರ್ಮಾ ಪಿಗ್ಮೆಂಟೋಸಮ್‌ನಲ್ಲಿ ಈ ದುರಸ್ತಿಯೇ ಕುಂಠಿತವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಅಝೀಝ್ ಸಂಜಾರ್ 1983ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಯುವಿಆರ್-ಎ, ಬಿ, ಸಿ ಪ್ರೋಟೀನುಗಳು ಹಾನಿಯ ಎರಡೂ ಬದಿಗೆ ಕತ್ತರಿ ಹಾಕಿ 12-13 ನ್ಯೂಕ್ಲಿಯೊಟೈಡ್‌ಗಳ ತುಂಡನ್ನು ಬಿಡಿಸುವುದನ್ನು ವಿವರಿಸಿದರು; 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಪಠ್ಯಪುಸ್ತಕದ ಸರದಿ ಹೀಗಿದೆ: ಎ ಹಾನಿಯನ್ನು ಹುಡುಕಿ ಬಿ-ಯನ್ನು ಅಲ್ಲಿ ಕೂರಿಸಿ ಹೊರಡುತ್ತದೆ, ಆಮೇಲೆ ಸಿ ಬಂದು ಕತ್ತರಿಸುತ್ತದೆ. ಅಂದರೆ ಎ ಮತ್ತು ಸಿ ಮುಖಾಮುಖಿಯಾಗುವ ಪ್ರಸಂಗವೇ ಇಲ್ಲ. ಇದನ್ನು ಅಲುಗಿಸಿದ್ದು ಕ್ಷಯರೋಗದ ಬ್ಯಾಕ್ಟೀರಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರ ತಂಡ, ಬಿ ಆಗಲಿ ಡಿಎನ್‌ಎ ಆಗಲಿ ಇಲ್ಲದಿದ್ದರೂ ಈ ಬ್ಯಾಕ್ಟೀರಿಯಾದ ಎ ಮತ್ತು ಸಿ ಪರಸ್ಪರ ಕೂಡಿಕೊಳ್ಳುತ್ತವೆಂದು 2020ರಲ್ಲಿ ಪ್ರಕಟಿಸಿತು. ಬಿ-ಗೆ ಡಿಎನ್‌ಎ ಎಳೆ ಬಿಡಿಸುವ ಶಕ್ತಿಯೂ ಇದೆ ಎಂದು ಅದೇ ತಂಡ 2016ರಲ್ಲೇ ಹೇಳಿತ್ತು. ಇ. ಕೋಲಿಯ ಸರದಿಯನ್ನು ಎಲ್ಲ ಬ್ಯಾಕ್ಟೀರಿಯಾಗಳಿಗೂ ಹೊಂದಿಸುವುದು ಇನ್ನು ಕಷ್ಟ.

ಶ್ವಾಸಕೋಶದೊಳಗೆ ಅಡಗಿರುವ ಕ್ಷಯಾಣುವಿಗೆ ಬಿಸಿಲಿನ ಭಯವೆಲ್ಲಿಯದು? ಅದೇ ಸಂಸ್ಥೆಯ ಉಮೇಶ್ ವರ್ಷ್ನಿ ಅವರ ತಂಡ 2008ರಲ್ಲಿ, ಕ್ಷಯಾಣುವಿನ ನಿರಪಾಯಕಾರಿ ಬಂಧು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಬಿ ಇಲ್ಲದ ತಳಿಯನ್ನು ಪರೀಕ್ಷಿಸಿತು. ಈ ದುರಸ್ತಿ ನೇರಳಾತೀತ ಕಿರಣದಿಂದಷ್ಟೇ ಅಲ್ಲ, ಇತರ ಹಾನಿಕಾರಕಗಳಿಂದಲೂ ಕಾಪಾಡುತ್ತದೆಂದು ಅದು ಕಂಡುಕೊಂಡಿತು.

ಈ ದುರಸ್ತಿಯಲ್ಲಿ, ಜೀನುಗಳನ್ನು ಓದಿ ಆರ್‌ಎನ್‌ಎ ಹೆಣೆಯುವ ಆರ್‌ಎನ್‌ಎ ಪಾಲಿಮರೇಸ್‌ನ ಪಾತ್ರ ಎಷ್ಟು ಎಂಬುದು ಇಂದಿಗೂ ವಿವಾದ. ಬಹುಪಾಲು ದುರಸ್ತಿ ಅದಕ್ಕೆ ಅಂಟಿಕೊಂಡೇ ನಡೆಯುತ್ತದೆಂದು ಎವ್ಗೆನಿ ನುಡ್ಲರ್ ತಂಡ 2022ರಲ್ಲಿ ವಾದಿಸಿತು; ಸಂಜಾರ್ ಬಳಗ ಇದನ್ನು ಒಪ್ಪುವುದಿಲ್ಲ. ಕತ್ತರಿಸಿದ ಜಾಗ ತುಂಬುವ ಹಂತದ ಕುರಿತು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಅಂಜನಾ ಬದ್ರಿನಾರಾಯಣನ್ ತಂಡ 2021ರಲ್ಲಿ ಹೊಸ ಸಂಗತಿ ಸೇರಿಸಿತು: ಡಿಎನ್‌ಎ ನಕಲು ಮಾಡಿಕೊಳ್ಳದ ಕಾಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಕೋಶಗಳಲ್ಲಿ ತಪ್ಪು ಮಾಡುವ ಡಿಎನ್‌ಎ-ಇ2 ಪಾಲಿಮರೇಸ್ ಆ ಖಾಲಿ ಜಾಗಗಳನ್ನು ತುಂಬುತ್ತದೆ.