ಮಾಟುಂಗಾದ ಉಡುಪಿ ಹೋಟೆಲುಗಳು: ಉದ್ಯಮಿಗೆ ಸಂದ ಮನ್ನಣೆಯ ಬಗೆಗಳು

೧

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರಿಗೆ ಆಕರಗಳ ಕೊರತೆಯಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು, ಬೆಳ್ಳಿಹಬ್ಬ ಮತ್ತು ಚಿನ್ನದ ಹಬ್ಬಗಳ ವರದಿಗಳು, ಸನ್ಮಾನಪತ್ರಗಳು, ಸಭಾಗೃಹಗಳ ಗೋಡೆಯ ಮೇಲಿನ ದಾನಿಗಳ ಫಲಕಗಳು ಹೇರಳವಾಗಿ ದೊರೆಯುತ್ತವೆ. ಇವೆಲ್ಲವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ವ್ಯಕ್ತಿಯೆಂದರೆ ಕರಾವಳಿಯಿಂದ ಬಂದ ಹೋಟೆಲು ಉದ್ಯಮಿ. ಆತನ ಶ್ರಮ, ಔದಾರ್ಯ, ನಾಡುನುಡಿಗಳ ಅಭಿಮಾನ ಇವುಗಳನ್ನು ಕೊಂಡಾಡುವ ಬರಹಗಳಿಗೆ ಲೆಕ್ಕವಿಲ್ಲ. ಆದರೆ ಆತನ ಹೋಟೆಲು ಹೇಗೆ ನಡೆಯಿತು, ಬಂಡವಾಳ ಎಲ್ಲಿಂದ ಬಂತು, ಅಡಿಗೆಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆಗಳಿಗೆ ಇದೇ ಆಕರಗಳು ಉತ್ತರ ಕೊಡುವುದು ವಿರಳ.

ಸ್ಥಳೀಯ ಉದ್ಯಮಿಯೊಬ್ಬನನ್ನು ಒಂದು ಬಡಾವಣೆ ಅಥವಾ ಸಮುದಾಯವು ‘ಗಣ್ಯ’ನೆಂದು ಗುರುತಿಸುವ ಕ್ರಿಯೆಗೆ ತನ್ನದೇ ಆದ ಚರಿತ್ರೆಯಿದೆ. ಯಾರು ಗುರುತಿಸಿದರು, ಯಾವ ಗುಣಕ್ಕಾಗಿ ಗುರುತಿಸಿದರು, ಹಾಗೆ ಗುರುತಿಸುವಾಗ ಯಾರನ್ನು ಬಿಟ್ಟರು ಎಂಬುದನ್ನು ವಿವೇಚಿಸದೆ ಸನ್ಮಾನದ ಮಾತನ್ನೇ ಚರಿತ್ರೆಯೆಂದು ಸ್ವೀಕರಿಸುವುದು ಅಪಾಯಕರ. ಪ್ರಸ್ತುತ ಲೇಖನವು ಮಾಟುಂಗಾದ ನಿದರ್ಶನವನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

೨

ಮಾಟುಂಗಾ ತಾನಾಗಿಯೇ ಬೆಳೆದ ಊರಲ್ಲ. ೧೮೯೬ರ ಪ್ಲೇಗಿನ ತರುವಾಯ ೧೮೯೮ರಲ್ಲಿ ಸ್ಥಾಪಿತವಾದ ಮುಂಬಯಿ ನಗರ ಸುಧಾರಣಾ ಟ್ರಸ್ಟ್, ದ್ವೀಪನಗರದ ಉತ್ತರದಂಚಿನಲ್ಲಿ ದಾದರ್, ಮಾಟುಂಗಾ, ವಡಾಲಾ, ಸಾಯನ್ ಭಾಗಗಳನ್ನು ಉಪನಗರವಾಗಿ ರೂಪಿಸುವ ಯೋಜನೆಗಳನ್ನು ಹಮ್ಮಿಕೊಂಡಿತು. ಭೂಸ್ವಾಧೀನ, ರಸ್ತೆ, ಚರಂಡಿ, ನಿವೇಶನಗಳ ಹಂಚಿಕೆ ಇವು ದಶಕಗಳ ಕಾಲ ನಡೆದವು. ೧೯೩೩ರಲ್ಲಿ ಟ್ರಸ್ಟ್ ನಗರಪಾಲಿಕೆಯಲ್ಲಿ ವಿಲೀನಗೊಂಡಿತು. ಇಂದು ಮಾಟುಂಗಾ ನಗರದ ನಡುಭಾಗವೆನಿಸಿದರೂ ಆ ಕಾಲದವರಿಗೆ ಅದು ಊರ ಹೊರಗಿನ ಹೊಸ ಬಡಾವಣೆಯಾಗಿತ್ತು.

ಈ ಬಡಾವಣೆಯಲ್ಲಿ ನೆಲೆಸಲು ಬಂದವರಲ್ಲಿ ದಕ್ಷಿಣದ ವಿದ್ಯಾವಂತರು ಗಣನೀಯ ಸಂಖ್ಯೆಯಲ್ಲಿದ್ದರು. ರೈಲ್ವೆ, ವಿಮೆ, ಬ್ಯಾಂಕು ಮತ್ತು ವ್ಯಾಪಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ, ಶೀಘ್ರಲಿಪಿಕಾರರಾಗಿ ದುಡಿಯುತ್ತಿದ್ದ ಇವರಲ್ಲಿ ತಮಿಳರದೇ ದೊಡ್ಡ ಪಾಲು. ೧೯೨೬ರಲ್ಲಿ ಮೈಸೂರು ಅಸೋಸಿಯೇಷನ್, ೧೯೩೨ರಲ್ಲಿ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ ಹುಟ್ಟಿಕೊಂಡವು. ನಿಖಿಲ್ ರಾವ್ ಅವರು ೨೦೧೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಬೇರೆ ಬೇರೆ ಭಾಷೆ ಮತ್ತು ಜಾತಿಗಳ ಜನರು ಈ ಉಪನಗರದ ವಾಸದಲ್ಲಿ ‘ದಕ್ಷಿಣ ಭಾರತೀಯ’ರೆಂಬ ಒಂದು ಸಮಾನ ಗುರುತನ್ನು ಪಡೆದ ಬಗೆಯನ್ನು ವಿವರಿಸಿದ್ದಾರೆ. ಈ ಗುರುತು ಮೂಡುವುದರಲ್ಲಿ ಹೋಟೆಲಿನ ಪಾತ್ರವೇನೆಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ.

೩

ಉದ್ಯಮಿಗೆ ದೊರೆತ ಮೊದಲನೆಯ ಮನ್ನಣೆ ಗಿರಾಕಿಯದು. ಮೂವತ್ತರ ದಶಕದ ಉತ್ತರಾರ್ಧದಿಂದ ನಲವತ್ತರ ದಶಕದ ಆರಂಭದವರೆಗಿನ ಕೆಲವೇ ವರ್ಷಗಳಲ್ಲಿ ಮಾಟುಂಗಾದ ಹೆಸರಾಂತ ಹೋಟೆಲುಗಳು ಒಂದರ ಹಿಂದೊಂದರಂತೆ ತೆರೆದುಕೊಂಡವು. ೧೯೩೬ರಲ್ಲಿ ಕೆಫೆ ಮೈಸೂರು, ೧೯೩೭ರಲ್ಲಿ ಮಣೀಸ್ ಲಂಚ್ ಹೋಮ್, ೧೯೩೯ರಲ್ಲಿ ರಾಮ ಆಶ್ರಯ, ೧೯೪೦ರಲ್ಲಿ ಕೆಫೆ ಮದ್ರಾಸ್ ಆರಂಭವಾದವು. ೧೯೪೨ರಲ್ಲಿ ಎ. ರಾಮ ನಾಯಕರು ಮಾಟುಂಗಾ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು.

ಇವುಗಳ ಹೆಸರುಗಳನ್ನೇ ಗಮನಿಸಬಹುದು. ಮೈಸೂರು, ಮದ್ರಾಸು, ಉಡುಪಿ ಎಂಬ ಊರ ಹೆಸರುಗಳು ಫಲಕವನ್ನೇರಿದವು. ಮಾಲೀಕನ ಹೆಸರು ಹಿನ್ನೆಲೆಯಲ್ಲಿ ಉಳಿಯಿತು. ಮೈಸೂರಿನ ಹೆಸರಿಟ್ಟ ಹೋಟೆಲು ಮೈಸೂರಿನವರದಾಗಿರಲಿಲ್ಲ, ಮದರಾಸಿನ ಹೆಸರಿಟ್ಟದ್ದು ಮದರಾಸಿನವರದಾಗಿರಲಿಲ್ಲ. ನಾಯಕ್, ಕಾಮತ್ ಮನೆತನಗಳವರ ಮನೆಮಾತು ಕೊಂಕಣಿ. ಶಿವಳ್ಳಿ ಬ್ರಾಹ್ಮಣರ ಹಾಗೂ ಬಂಟರ ಮನೆಮಾತು ತುಳು. ಊಟಕ್ಕೆ ಬರುತ್ತಿದ್ದವನು ಬಹುಮಟ್ಟಿಗೆ ತಮಿಳಿನವನು; ಮುಂದೆ ಗುಜರಾತಿ ಮತ್ತು ಮರಾಠಿ ಕುಟುಂಬಗಳೂ ಈ ಪಂಕ್ತಿಗೆ ಸೇರಿದವು. ಆದ್ದರಿಂದ ಇವನ್ನು ‘ಕನ್ನಡಿಗರ ಹೋಟೆಲು’ಗಳೆಂದು ಕರೆಯುವಾಗ ಆ ಪದವು ಭಾಷೆಗಿಂತ ಹೆಚ್ಚಾಗಿ ಒಂದು ಪ್ರದೇಶವನ್ನು, ಆ ಪ್ರದೇಶದ ವೃತ್ತಿಪರಂಪರೆಯನ್ನು ಸೂಚಿಸುತ್ತದೆಂಬ ಎಚ್ಚರವಿರಬೇಕು. ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ರವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಗಿರಾಕಿಯು ಈ ಉದ್ಯಮಿಯಲ್ಲಿ ಮೆಚ್ಚಿದ್ದೇನು? ಕುಟುಂಬವನ್ನು ಊರಿನಲ್ಲಿ ಬಿಟ್ಟು ಬಂದಿದ್ದ ನೌಕರನಿಗೆ ದಿನಕ್ಕೆರಡು ಹೊತ್ತು ನಂಬಿಕೆಗೆ ಅರ್ಹವಾದ ಊಟ ಬೇಕಾಗಿತ್ತು. ನಂಬಿಕೆಯೆಂಬ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ. ಮೊದಲನೆಯದು ಶುಚಿ, ಪ್ರಮಾಣ ಮತ್ತು ಬೆಲೆಯ ನಂಬಿಕೆ. ೧೯೪೩ರಲ್ಲಿ ಮುಂಬಯಿಯಲ್ಲಿ ಪಡಿತರ ವ್ಯವಸ್ಥೆ ಜಾರಿಗೆ ಬಂದು ಅಕ್ಕಿಯೇ ದುರ್ಲಭವಾದ ಕಾಲದಲ್ಲಿ ಇದರ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. ಎರಡನೆಯದು ಮಡಿಯ ನಂಬಿಕೆ. ‘ಉಡುಪಿ’ ಎಂಬ ಹೆಸರು ಶ್ರೀಕೃಷ್ಣ ಮಠದ ಪಾಕಪರಂಪರೆಯನ್ನು ನೆನಪಿಗೆ ತಂದು, ಅಡಿಗೆಭಟ್ಟನ ಜಾತಿಯನ್ನೂ ಊಟದ ಸಸ್ಯಾಹಾರಿತ್ವವನ್ನೂ ಏಕಕಾಲಕ್ಕೆ ಖಾತರಿಪಡಿಸುತ್ತಿತ್ತು. ಮದರಾಸಿನಲ್ಲಿ ೧೯೩೮ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರ ಯಶಸ್ಸಿನ ಹಿಂದೆಯೂ ಇದೇ ಖಾತರಿಯಿತ್ತು. ಹೀಗಾಗಿ ಉದ್ಯಮಿಯ ವೈಯಕ್ತಿಕ ಪ್ರತಿಭೆಯೆಂದು ನಾವು ಹೊಗಳುವುದರಲ್ಲಿ ಒಂದು ಪಾಲು ಜಾತಿವ್ಯವಸ್ಥೆಯು ಆತನಿಗೆ ಬಿಟ್ಟಿಯಾಗಿ ಒದಗಿಸಿದ ಬಂಡವಾಳವೇ ಆಗಿತ್ತು. ಅದೇ ಹೊತ್ತಿಗೆ, ಹಣ ಕೊಟ್ಟ ಯಾರೇ ಆಗಲಿ ಅದೇ ಬೆಂಚಿನಲ್ಲಿ ಕುಳಿತು ಉಣ್ಣಬಹುದೆಂಬ ನಗರದ ರೂಢಿಯನ್ನು ಬೆಳೆಸುವುದಕ್ಕೂ ಇವೇ ಹೋಟೆಲುಗಳು ನೆರವಾದವು. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ.

೪

ಎರಡನೆಯ ಬಗೆಯದು ಸಂಘದ ಮನ್ನಣೆ. ಮುಂಬಯಿಯ ಕರಾವಳಿ ಮೂಲದ ಜನ ತಮ್ಮ ಸಂಘಟನೆಗಳನ್ನು ಹೆಚ್ಚಾಗಿ ಜಾತಿಯ ಆಧಾರದ ಮೇಲೆಯೇ ಕಟ್ಟಿಕೊಂಡರು. ೧೯೦೨ರ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೨೭ರ ಬಂಟರ ಸಂಘ, ೧೯೩೨ರ ಬಿಲ್ಲವರ ಅಸೋಸಿಯೇಷನ್ ಇವು ಪ್ರಮುಖವಾದವು. ಇವುಗಳ ಪಕ್ಕದಲ್ಲಿ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂತಹ ಭಾಷಾಮೂಲದ ಸಂಸ್ಥೆಗಳು ಸಾಹಿತ್ಯ, ನಾಟಕ, ಉಪನ್ಯಾಸಗಳಿಗೆ ಆಶ್ರಯವಿತ್ತವು. ವೇದಿಕೆಗೆ ಬೇಕಾದ ಹಣವನ್ನು ಒದಗಿಸಿದವರಲ್ಲಿ ಹೋಟೆಲಿನವರು ಮುಂಚೂಣಿಯಲ್ಲಿದ್ದರು. ಯಕ್ಷಗಾನ ಮೇಳದ ಪ್ರವಾಸ, ಊರಿನ ದೇವಸ್ಥಾನದ ಜೀರ್ಣೋದ್ಧಾರ, ಬಡ ವಿದ್ಯಾರ್ಥಿಯ ಶುಲ್ಕ, ಕನ್ನಡ ಪುಸ್ತಕದ ಪ್ರಕಟಣೆ ಇವೆಲ್ಲಕ್ಕೂ ಗಲ್ಲೆಯಿಂದಲೇ ಹಣ ಹರಿಯಬೇಕಾಗಿತ್ತು.

ಇದಕ್ಕೆ ಪ್ರತಿಯಾಗಿ ಸಂಘವು ಶಾಲು, ಹಾರ, ಫಲಕ, ಅಧ್ಯಕ್ಷಪದವಿಗಳನ್ನು ನೀಡಿತು. ಈ ವಿನಿಮಯವನ್ನು ಲಘುವಾಗಿ ಕಾಣುವುದು ಸಲ್ಲದು. ಬ್ಯಾಂಕುಗಳು ಸಣ್ಣ ಹೋಟೆಲಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ವ್ಯಕ್ತಿಯ ಸಾಮಾಜಿಕ ಪ್ರತಿಷ್ಠೆಯೇ ಸಾಲದ ಜಾಮೀನಾಗಿತ್ತು; ಸಂಘದ ವೇದಿಕೆಯಲ್ಲಿ ಗೌರವ ಪಡೆದವನ ಮಾತಿಗೆ ಊರಿನಲ್ಲಿಯೂ ಮುಂಬಯಿಯಲ್ಲಿಯೂ ಬೆಲೆಯಿತ್ತು. ಮೊಗವೀರ ಸಮುದಾಯವು ೧೯೪೬ರಲ್ಲಿಯೂ ಬಿಲ್ಲವ ಸಮುದಾಯವು ೧೯೭೮ರಲ್ಲಿಯೂ ಸಹಕಾರಿ ಬ್ಯಾಂಕುಗಳನ್ನು ಸ್ಥಾಪಿಸಿದ್ದು ಈ ವೈಯಕ್ತಿಕ ವಿಶ್ವಾಸವನ್ನು ಸಂಸ್ಥೆಯ ರೂಪಕ್ಕೆ ತಂದ ಪ್ರಯತ್ನವೆಂದು ತಿಳಿಯಬಹುದು. ೧೯೭೪ರ ಭೂಸುಧಾರಣೆಯ ನಂತರ ಕರಾವಳಿಯ ಭೂಹಿಡುವಳಿದಾರ ಮನೆತನಗಳಿಂದ ಮುಂಬಯಿಗೆ ಬಂದವರ ಸಂಖ್ಯೆ ಹೆಚ್ಚಿದಾಗ ಈ ಜಾಲದ ಅಗತ್ಯವೂ ಹೆಚ್ಚಿತು. ೧೯೭೯ರಲ್ಲಿ ಹೋಟೆಲು ಮಾಲೀಕರ ‘ಆಹಾರ್’ ಸಂಘಟನೆ ರೂಪುಗೊಂಡ ಮೇಲೆ ವೃತ್ತಿಯ ಹಿತಾಸಕ್ತಿಯೂ ಜಾತಿಸಂಘದಾಚೆಗೆ ತನ್ನ ವೇದಿಕೆಯನ್ನು ಪಡೆಯಿತು.

ಆದರೆ ಸಂಘದ ಮನ್ನಣೆಗೆ ಒಂದು ಮಿತಿಯಿದೆ. ಅದು ದಾನವನ್ನು ಗುರುತಿಸುತ್ತದೆ, ಉದ್ಯಮವನ್ನಲ್ಲ. ಚೆನ್ನಾಗಿ ಹೋಟೆಲು ನಡೆಸಿ, ಕೆಲಸಗಾರರಿಗೆ ಸಕಾಲಕ್ಕೆ ಸಂಬಳ ಕೊಟ್ಟು, ಸಾರ್ವಜನಿಕ ದೇಣಿಗೆಗೆ ಕೈಹಾಕದವನ ಹೆಸರು ಫಲಕದಲ್ಲಿ ಇರುವುದಿಲ್ಲ.

೫

ಮನ್ನಣೆಯ ಮೂರನೆಯ ಬಗೆ ನೆಲದ ಜನರಿಂದ, ಅಂದರೆ ಮಹಾರಾಷ್ಟ್ರದ ಸಾರ್ವಜನಿಕ ಜೀವನದಿಂದ ಬರಬೇಕಾದದ್ದು. ಇದರ ಚರಿತ್ರೆ ಸರಳವಾಗಿಲ್ಲ. ೧೯೬೬ರ ಜೂನ್ ೧೯ರಂದು ಶಿವಸೇನೆ ಸ್ಥಾಪನೆಯಾಗುವ ಮುಂಚಿನಿಂದಲೇ ‘ಮಾರ್ಮಿಕ್’ ವಾರಪತ್ರಿಕೆಯು ಮುಂಬಯಿಯ ಕಚೇರಿಗಳಲ್ಲಿದ್ದ ದಾಕ್ಷಿಣಾತ್ಯ ಅಧಿಕಾರಿಗಳ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸುತ್ತಿತ್ತು. ಮುಂದಿನ ವರ್ಷಗಳ ಚಳವಳಿಯಲ್ಲಿ ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಕಚೇರಿಯ ಅಧಿಕಾರಿ ನಾಲ್ಕು ಗೋಡೆಗಳ ಒಳಗಿದ್ದನು. ಹೋಟೆಲಿನವನು ಬೀದಿಗೆ ತೆರೆದುಕೊಂಡಿದ್ದನು, ಆತನ ಊರಿನ ಹೆಸರು ದೊಡ್ಡಕ್ಷರಗಳಲ್ಲಿ ಬಾಗಿಲ ಮೇಲಿತ್ತು. ಗಿರಾಕಿಯ ವಿಶ್ವಾಸವನ್ನು ತಂದುಕೊಟ್ಟಿದ್ದ ಅದೇ ಫಲಕ ಈಗ ಹೊರಗಿನವನೆಂಬ ಗುರುತಾಯಿತು.

ಈ ಅನುಭವದ ತರುವಾಯ ಉದ್ಯಮಿಯು ಮರಾಠಿಯಲ್ಲಿ ಮನ್ನಣೆಯನ್ನು ಅರಸಿದ್ದು ಸಹಜವಾಗಿದೆ. ಕರಾವಳಿಯ ಕೊಂಕಣಿ ಮೂಲದ ಹೋಟೆಲು ಮನೆತನದ ವಿಠ್ಠಲ ಕಾಮತ್ ಅವರು ೧೯೯೭ರಲ್ಲಿ ಮುಂಬಯಿಯ ವಿಮಾನ ನಿಲ್ದಾಣದ ಸಮೀಪ ಆರ್ಕಿಡ್ ಪಂಚತಾರಾ ಹೋಟೆಲನ್ನು ತೆರೆದರು. ಅವರ ಆತ್ಮಕಥನ ‘ಇಡ್ಲಿ, ಆರ್ಕಿಡ್ ಆಣಿ ಮೀ’ ಪ್ರಕಟವಾದದ್ದು ಮರಾಠಿಯಲ್ಲಿ; ಮಹಾರಾಷ್ಟ್ರದ ತರುಣರು ಅದನ್ನು ತಮ್ಮವನೊಬ್ಬನ ಯಶೋಗಾಥೆಯೆಂದೇ ಓದಿದರು. ಕನ್ನಡದ ಅಧ್ಯಯನಗಳು ಕನ್ನಡ ಆಕರಗಳಿಗೆ ಮಾತ್ರ ಸೀಮಿತವಾದರೆ ಇಂತಹ ಮುಖ್ಯ ದಾಖಲೆಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

೬

ಈ ಮೂರು ಬಗೆಯ ಮನ್ನಣೆಗಳಿಗೂ ಹೊರಗುಳಿದವನು ಕೆಲಸಗಾರ. ಸನ್ಮಾನ ಭಾಷಣಗಳಲ್ಲಿ ಆತನ ಪ್ರಸ್ತಾಪ ಬಾರದೆ ಇಲ್ಲ. ಆದರೆ ಅದು ಬರುವುದು ಮಾಲೀಕನ ಬಾಲ್ಯದ ರೂಪದಲ್ಲಿ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹಡಗು ಹತ್ತಿ ಬಂದು, ತಟ್ಟೆ ಲೋಟ ತೊಳೆದು, ಮಾಣಿಯಾಗಿ, ಗಲ್ಲೆಯಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದ ಕಥೆಯು ಈ ವರ್ಗದ ಬರಹಗಳಲ್ಲಿ ಒಂದು ಸಿದ್ಧ ಅಚ್ಚಾಗಿದೆ. ಈ ಕಥೆ ಸುಳ್ಳಲ್ಲ. ಮಾಣಿಗೆ ಸೋದರಮಾವನೋ ಊರವನೋ ಮಾಲೀಕನಾಗಿರುತ್ತಿದ್ದುದರಿಂದ ಕೆಲಸವೇ ವೃತ್ತಿಶಿಕ್ಷಣವೂ ಆಗಿತ್ತು. ನಗರದ ಕನ್ನಡ ರಾತ್ರಿಶಾಲೆಗಳು ಹಗಲು ದುಡಿದವನಿಗೆ ಅಕ್ಷರ ಕಲಿಸಿದವು. ‘ಕಂಡಕ್ಟಿಂಗ್’ ಎಂದು ವೃತ್ತಿಯವರು ಕರೆಯುವ ಪದ್ಧತಿಯಂತೆ, ನಿಗದಿಯಾದ ಮೊತ್ತವನ್ನು ಒಡೆಯನಿಗೆ ಕೊಟ್ಟು ಹೋಟೆಲನ್ನು ತಾನೇ ನಡೆಸಲು ಅವಕಾಶವಿದ್ದುದರಿಂದ ಬಂಡವಾಳವಿಲ್ಲದ ಅನುಭವಿಯೂ ಮೇಲೇರಬಹುದಾಗಿತ್ತು.

ಆದರೆ ಹಾಗೆ ಏರಿದವರು ಕೆಲವರು. ಏರದೆ ಉಳಿದವರೇ ಬಹಳ. ಹೋಟೆಲಿನ ಬೆಂಚಿನ ಮೇಲೆಯೇ ಮಲಗಿ, ಅಲ್ಲಿಯೇ ಉಂಡು, ವರುಷಕ್ಕೊಮ್ಮೆ ಊರಿಗೆ ಹೋಗಿಬಂದು ಮುದುಕರಾದವರ ಕಥೆಗೆ ಸ್ಮರಣ ಸಂಚಿಕೆಯಲ್ಲಿ ಜಾಗವಿಲ್ಲ. ಮುಂಬಯಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ೧೯೩೯ರಲ್ಲಿಯೂ, ಪರಿಷ್ಕೃತ ರೂಪದಲ್ಲಿ ೧೯೪೮ರಲ್ಲಿಯೂ ಬಂದು ಕೆಲಸದ ವೇಳೆ, ರಜೆ, ಹಾಜರಿ ಪುಸ್ತಕಗಳನ್ನು ನಿಯಮಕ್ಕೊಳಪಡಿಸಿತು. ೧೯೪೯ರ ಸುಮಾರಿಗೆ ಮಂಗಳೂರಿನ ಹೋಟೆಲು ಕಾರ್ಮಿಕರನ್ನು ಸಂಘಟಿಸಲು ತೊಡಗಿದ ಜಾರ್ಜ್ ಫರ್ನಾಂಡಿಸ್ ಅವರು ಐವತ್ತರ ದಶಕದಲ್ಲಿ ಮುಂಬಯಿಯಲ್ಲಿಯೂ ಹೋಟೆಲು ಮತ್ತಿತರ ಸಣ್ಣ ಉದ್ಯಮಗಳ ನೌಕರರ ನಾಯಕರಾದರು. ಒಂದೇ ಕರಾವಳಿಯು ಮಾಲೀಕನನ್ನೂ ಕಾರ್ಮಿಕನನ್ನೂ ಕಾರ್ಮಿಕ ನಾಯಕನನ್ನೂ ಮುಂಬಯಿಗೆ ಕಳುಹಿಸಿತ್ತು. ನಮ್ಮ ಚರಿತ್ರೆಯಲ್ಲಿ ಮೊದಲನೆಯವನಿಗೆ ಉದ್ಯಮಿಯೆಂದು ಅಧ್ಯಾಯವಿದೆ, ಮೂರನೆಯವರಿಗೆ ರಾಜಕಾರಣಿಯೆಂದು ಅಧ್ಯಾಯವಿದೆ. ನಡುವಿನವನಿಗೆ ಒಂದು ಪುಟವೂ ಇಲ್ಲ.

೨೦೦೬ರ ಅಕ್ಟೋಬರಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ದೇಶದಾದ್ಯಂತ ನಿಷಿದ್ಧವಾಯಿತು. ಒಂದು ಪೀಳಿಗೆಯ ಸಾಹಸಗಾಥೆಯ ಆರಂಭವಾಗಿದ್ದದ್ದು ಮತ್ತೊಂದು ಪೀಳಿಗೆಯ ಕಾನೂನಿನಲ್ಲಿ ಅಪರಾಧವಾಯಿತು. ಹಿಂದಿನವರನ್ನು ಇಂದಿನ ಕಾನೂನಿನಿಂದ ತೂಗಬೇಕೆಂದು ಇದರ ಅರ್ಥವಲ್ಲ. ಆದರೆ ತಟ್ಟೆ ತೊಳೆದ ಬಾಲಕನ ಚಿತ್ರವನ್ನು ಮಾಲೀಕನ ಕೀರ್ತಿಯ ಅಲಂಕಾರವಾಗಿ ಮಾತ್ರ ಬಳಸುವ ಬರವಣಿಗೆಗೆ ಸಂಶೋಧನೆಯಲ್ಲಿ ಎಡೆಯಿರಬಾರದು.

೭

ಮೇಲಿನ ವಿವೇಚನೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹೊರನಾಡಿನ ಉದ್ಯಮಿಯ ಸಾಧನೆಯನ್ನು ಅಳೆಯಲು ದಾನದ ಮೊತ್ತವಾಗಲಿ ಹೋಟೆಲಿನ ವಯಸ್ಸಾಗಲಿ ಸಾಕಾದ ಅಳತೆಗೋಲಲ್ಲ. ಆತನ ಅಡಿಗೆಮನೆಯಿಂದ ಎಷ್ಟು ಮಂದಿ ಸ್ವತಂತ್ರ ವೃತ್ತಿಗೆ ಹೊರಬಿದ್ದರು, ಯಾವ ಜಾತಿಯವರು ಯಾವ ಕೆಲಸದವರೆಗೆ ಏರಬಲ್ಲವರಾದರು, ಉಳಿದವರ ಮುಪ್ಪಿಗೆ ಯಾವ ಆಸರೆಯಿತ್ತು ಎಂಬ ಪ್ರಶ್ನೆಗಳನ್ನು ಕೇಳಬೇಕು. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರವಿರುವ ಉದ್ಯಮಿಗಳು ಖಂಡಿತವಾಗಿಯೂ ಇದ್ದಾರೆ. ಅಂಥವರಿಗೆ ಸಲ್ಲುವ ಮನ್ನಣೆ ಶಾಲುಹಾರಗಳಿಗಿಂತ ಗಟ್ಟಿಯಾದುದಾಗಿರುತ್ತದೆ.

ಎರಡನೆಯದಾಗಿ, ಇದಕ್ಕೆ ಬೇಕಾದ ಆಕರಗಳು ಫಲಕಗಳಲ್ಲಿಲ್ಲ. ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಊಟದ ಕೂಪನ್ನು, ದಿನಸಿ ಅಂಗಡಿಯ ಲೆಕ್ಕ, ಕಂಡಕ್ಟಿಂಗ್ ಕರಾರು, ರಾತ್ರಿಶಾಲೆಯ ದಾಖಲಾತಿ, ಊರಿಗೆ ಕಳುಹಿಸಿದ ಮನಿಯಾರ್ಡರಿನ ರಸೀತಿಗಳಲ್ಲಿವೆ. ಮಾಟುಂಗಾದ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಗೊಳ್ಳುತ್ತಿವೆ. ಮಣೀಸ್ ಲಂಚ್ ಹೋಮಿನಂತಹ ಹಳೆಯ ಖಾನಾವಳಿಯೂ ಮಾಟುಂಗಾವನ್ನು ಬಿಟ್ಟು ಚುನಾಭಟ್ಟಿಗೆ ಸ್ಥಳಾಂತರಗೊಂಡಿದೆ. ಕಟ್ಟಡ ಬೀಳುವಾಗ ಫಲಕವನ್ನು ಯಾರಾದರೂ ಎತ್ತಿಡುತ್ತಾರೆ, ಹಳೆಯ ಹಾಜರಿ ಪುಸ್ತಕ ರದ್ದಿಗೆ ಹೋಗುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಶೋಧಕರು ತಂತಮ್ಮ ನಗರಗಳ ಹೋಟೆಲುಗಳಲ್ಲಿ ಈ ಕಾಗದಪತ್ರಗಳನ್ನು ಪಟ್ಟಿಮಾಡಿ ಪ್ರತಿ ತೆಗೆದಿರಿಸುವ ಕೆಲಸಕ್ಕೆ ತೊಡಗಬೇಕಾಗಿದೆ. ನಿವೃತ್ತರಾದ ಅಡಿಗೆಯವರ ಮತ್ತು ಮಾಣಿಗಳ ಮಾತುಗಳನ್ನು ಅವರದೇ ತುಳು, ಕೊಂಕಣಿ, ಕುಂದಾಪುರ ಕನ್ನಡಗಳಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಇನ್ನೂ ತುರ್ತಿನದು. ನಲವತ್ತು, ಐವತ್ತರ ದಶಕಗಳಲ್ಲಿ ಬಾಲಕರಾಗಿ ಬಂದವರಲ್ಲಿ ಉಳಿದಿರುವವರು ಈಗ ಎಂಬತ್ತನ್ನು ದಾಟಿದ್ದಾರೆ.