ಕೇರಿಯ ಹಾಡು, ಸೆರೆಮನೆಯ ಹಾಡು

ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಎಷ್ಟು ಕೈ ದಾಟಿ ಬರುತ್ತದೆಂದು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕಾಯಿ ಕೀಳುವವರು, ಅಟ್ಟಕ್ಕೆ ಹೊತ್ತು ಹಾಕುವವರು, ತಿಂಗಳುಗಟ್ಟಲೆ ಒಣಗಿದ ಮೇಲೆ ಮಟ್ಟೆ ಸುಲಿಯುವವರು, ಚಿಪ್ಪು ಒಡೆಯುವವರು. ಇವರಲ್ಲಿ ಕೇರಿಯವರೂ ಇದ್ದಾರೆ, ಸಾಬರೂ ಇದ್ದಾರೆ. ತೋಟದ ಪಹಣಿಯಲ್ಲಿ ಇವರ ಹೆಸರು ಸಿಗುವುದು ಮಾತ್ರ ಅಪರೂಪ. ಈ ಸೀಮೆಯಲ್ಲಿ ಕೂತು ಸಿದ್ಧಲಿಂಗಯ್ಯನವರ ಕವಿತೆ ಓದಿದರೆ ಅದು ಬರೀ ಸಾಹಿತ್ಯವಾಗಿ ಉಳಿಯುವುದಿಲ್ಲ.

ಸಿದ್ಧಲಿಂಗಯ್ಯನವರು 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದರು. ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಿದ್ದವರಲ್ಲಿ ತನ್ನ ತಂದೆಯೂ ಒಬ್ಬರೆಂದು ಬಾಲಕನೊಬ್ಬ ಕಂಡ ನೆನಪು ಅವರ ಆತ್ಮಕಥೆ 'ಊರುಕೇರಿ'ಯಲ್ಲಿದೆ. ಆ ಪುಸ್ತಕದುದ್ದಕ್ಕೂ ನಗೆಯಿದೆ, ಆದರೆ ಈ ನೊಗವನ್ನು ಓದುಗ ಮರೆಯಲಾರ.

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಅವರು ಮಂತ್ರಿಗಿರಿ ಕಳೆದುಕೊಂಡರು, ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರು ಏಟು ತಿಂದರು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಈ ಬೇಗೆಯಲ್ಲಿ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು, 1979ರಲ್ಲಿ 'ಸಾವಿರಾರು ನದಿಗಳು'. ಪುಸ್ತಕ ಕೊಳ್ಳಲಾಗದವರೂ, ಅಕ್ಷರ ಬಾರದವರೂ ಈ ಹಾಡುಗಳನ್ನು ತಮಟೆಯ ಜೊತೆ ಬೀದಿಯಲ್ಲಿ ಹಾಡಿದರು. ಅದರಲ್ಲೊಂದು 1947ರ ಸ್ವಾತಂತ್ರ್ಯದ ಲೆಕ್ಕವನ್ನೇ ಕೇಳಿತು.

ಉರ್ದು ಓದಿದವರಿಗೆ ಇಲ್ಲಿ ಫೈಜ್ ನೆನಪಾಗುತ್ತಾರೆ. 1947ರ ಆಗಸ್ಟಿನ ಬಗ್ಗೆ ಬರೆದ 'ಸುಬ್ಹೆ ಆಜಾದಿ'ಯಲ್ಲಿ ಅವರೂ ಬಂದ ಬೆಳಗನ್ನು ಸಂಶಯದಿಂದಲೇ ನೋಡಿದ್ದರು. ಆದರೆ ಫೈಜರ ಪದ್ಯ ಮುಷಾಯಿರಾದ ನುಡಿ, ಸಿದ್ಧಲಿಂಗಯ್ಯನವರದು ಕೂಲಿಕಾರನ ನಾಲಿಗೆ.

ಇವರ ಜೊತೆ ಚೀನಾದ ಐ ಚಿಂಗ್‌ರನ್ನೂ ಇಟ್ಟು ನೋಡಬೇಕು. 1910ರಲ್ಲಿ ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಈತನನ್ನು ಎದೆಹಾಲು ಕೊಟ್ಟು ಸಾಕಿದವಳು ಒಬ್ಬ ಬಡ ರೈತ ಹೆಂಗಸು. 1932ರಲ್ಲಿ ಶಾಂಘೈನಲ್ಲಿ ಬಂಧಿತನಾದ ಐ ಚಿಂಗ್, ಮರುವರ್ಷ ಸೆರೆಮನೆಯಲ್ಲಿ ಕುಳಿತು ಆ ಸಾಕುತಾಯಿಯ ಮೇಲೆ ಬರೆದ ಕವಿತೆಯಿಂದ ಹೆಸರಾದ. ಮುಂದೆ ಕ್ರಾಂತಿ ಗೆದ್ದಿತು. ಆದರೆ 1950ರ ದಶಕದ ಕೊನೆಗೆ ಆ ಕ್ರಾಂತಿಯ ಸರ್ಕಾರವೇ ಆತನಿಗೆ ಬಲಪಂಥೀಯನೆಂಬ ಹಣೆಪಟ್ಟಿ ಹಚ್ಚಿತು. ಉಯಿಗುರ್ ಮುಸ್ಲಿಮರ ನಾಡಾದ ಶಿನ್‌ಜಿಯಾಂಗ್‌ಗೆ ಕಳಿಸಿ ಕಕ್ಕಸು ತೊಳೆಸಿತು. ಕಳಂಕ ತೊಡೆದದ್ದು 1979ರಲ್ಲಿ.

ನಮ್ಮ ಕವಿಗೆ ಬಂದದ್ದು ಬೇರೆ ಪರೀಕ್ಷೆ. ಸರ್ಕಾರ ಅವರನ್ನು ಗಡಿಪಾರು ಮಾಡಲಿಲ್ಲ, ಕರೆದು ಕುರ್ಚಿ ಕೊಟ್ಟಿತು. ಅವರು ಎರಡು ಅವಧಿಗೆ ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. 2015ರಲ್ಲಿ, ನಮ್ಮ ತೆಂಗಿನ ಸೀಮೆಗೆ ಹತ್ತಿರವೇ ಇರುವ ಶ್ರವಣಬೆಳಗೊಳದಲ್ಲಿ, 81ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಹಾಡು ತಣ್ಣಗಾಯಿತು ಎಂದು ಒಡನಾಡಿಗಳೇ ಬೇಸರಪಟ್ಟುಕೊಂಡರು. ಆ ಬೇಸರ ಸುಳ್ಳಲ್ಲ. ಆದರೆ ಶತಮಾನಗಳಿಂದ ಕುರ್ಚಿಯಲ್ಲೇ ಕೂತವರ ಮಕ್ಕಳನ್ನು ನಾವು ಈ ಪ್ರಶ್ನೆ ಕೇಳಿದ್ದೇವೆಯೇ? ಸದನದಲ್ಲೂ ಅವರು ಕೇರಿಯ ಸಂಕಟವನ್ನೇ ಮಾತಾಡಿದರು. ಆ ಭಾಷಣಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂದು ಅಚ್ಚಾಗಿವೆ.

2021ರ ಜೂನ್ 11ರಂದು ಕೋವಿಡ್ ಅವರನ್ನು ಒಯ್ದಿತು. ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. ಹಾಡುಗಳು ಮಾತ್ರ ಕವಿಯ ಕುರ್ಚಿಗೂ ಸಾವಿಗೂ ಕಾಯದೆ ಎಂದೋ ಜನರ ಪಾಲಾಗಿದ್ದವು.

ಕೊನೆಗೊಂದು ಮಾತು ನಮ್ಮವರಿಗೆ. ದಲಿತರ ಹಾಡು ದಲಿತರಿಗಷ್ಟೇ ಸೇರಿದ್ದೆಂದು ನಾವು ಕಿವಿ ಮುಚ್ಚಿಕೊಂಡರೆ ನಷ್ಟ ನಮಗೇ. ನಮ್ಮಲ್ಲೂ ಮಂಡಿ ಸಾಹುಕಾರರಿದ್ದಾರೆ, ಮಟ್ಟೆ ಸುಲಿದು ಅಂಗೈ ಒಡೆದುಕೊಂಡವರಿದ್ದಾರೆ. ಜುಮಾ ನಮಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುವ ಈ ಇಬ್ಬರು, ಶನಿವಾರ ಕೂಲಿ ಬಟವಾಡೆಯ ಹೊತ್ತಿಗೆ ಯಾಕೆ ಬೇರೆ ಬೇರೆ ಸಾಲಿನಲ್ಲಿರುತ್ತಾರೆ? ಸಿದ್ಧಲಿಂಗಯ್ಯನವರನ್ನು ಓದಿದ ಮೇಲೆ ಈ ಪ್ರಶ್ನೆಯನ್ನು ಪಕ್ಕಕ್ಕಿಡುವುದು ಕಷ್ಟ.